ನೇರವಾಗಿ ಬಂದಿದ್ದರೆ

ಕನಕಮ್ಮನನ್ನು ಮೂರು ಆಸ್ಪತ್ರೆಗಳು ಮುಂದಿನ ಆಸ್ಪತ್ರೆಗೆ ಕಳಿಸಿದವು. ನಾಲ್ಕನೆಯದು ಒಳಗೆ ಮಲಗಿಸಿಕೊಂಡು, ಹೊತ್ತು ಮೀರಿದೆ ಎಂದಿತು.

ಅವತ್ತು ಬೆಳಿಗ್ಗೆ ಅವಳು ಎರಡನೇ ಹಸು ಕರೆಯಲು ಕೂತಿದ್ದಳು. ಸೊಸೆ ಚಂದ್ರಲೇಖಾ ಹೊಸೂರಿನ ಫ್ಯಾಕ್ಟರಿಗೆ ಹೋಗುವ ಕಂಪನಿ ಬಸ್ಸಿಗೆಂದು ಡಬ್ಬಿ ಕಟ್ಟುತ್ತಿದ್ದಳು. ಕೊಟ್ಟಿಗೆಯಲ್ಲಿ ಬಕೆಟ್ಟು ಉರುಳಿದ ಸದ್ದಾಯಿತು.

“ಏನತ್ತೆ, ಒದ್ದುಬುಡ್ತಾ?” ಎಂದು ಒಳಗಿನಿಂದಲೇ ಕೂಗಿದಳು.

ಉತ್ತರ ಬರಲಿಲ್ಲ. ಕನಕಮ್ಮ ಉತ್ತರ ಕೊಡದೆ ಇದ್ದದ್ದು ಆ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಕೋಸಿನ ವ್ಯಾಪಾರಿಯ ಹತ್ತಿರ ತಮಿಳಿನಲ್ಲಿ, ಬೀಗರ ಹತ್ತಿರ ತೆಲುಗಿನಲ್ಲಿ, ಗಂಡನ ಹತ್ತಿರ ಕನ್ನಡದಲ್ಲಿ ಜಗಳವಾಡಿ ಮೂರರಲ್ಲೂ ಗೆಲ್ಲುತ್ತಿದ್ದವಳು. ಚಂದ್ರಲೇಖಾ ಹೋಗಿ ನೋಡಿದರೆ ಹಾಲು ಸಗಣಿಯ ಮೇಲೆ ಹರಿದಿತ್ತು. ಅತ್ತೆ ಗೋಡೆಗೆ ಒರಗಿದ್ದಳು. ಬಾಯಿ ಬಲಗಡೆಗೆ ಜಾರಿ ಎಂಜಲು ಸುರಿಯುತ್ತಿತ್ತು. ಗಂಟಲಿನಿಂದ ಏನೋ ಹೊರಟಿತು. ಅದು ಮೂರು ಭಾಷೆಗಳಲ್ಲಿ ಯಾವುದೂ ಆಗಿರಲಿಲ್ಲ.

ಗುಮ್ಮಳಾಪುರದಾಚೆಯ ಆ ಹಳ್ಳಿಯಲ್ಲಿ ಮನೆ ಮುಂದೆ ನಿಂತರೆ ಫೋನಿಗೆ ಸಿಗುವುದು ಕರ್ನಾಟಕದ ಟವರು. ಆಂಬುಲೆನ್ಸಿಗೆ ಮಾಡಿದ ಫೋನು ಎತ್ತಿದ ಹುಡುಗಿ ಕನ್ನಡದಲ್ಲಿ, ಮರ್ಯಾದೆಯಾಗಿಯೇ, ಯಾವ ತಾಲ್ಲೂಕು ಎಂದು ಕೇಳಿದಳು.

“ಡೆಂಕಣಿಕೋಟೆ.”

“ಅದು ತಮಿಳುನಾಡಾಯ್ತಲ್ಲ ಮೇಡಂ. ನೀವು ಅಲ್ಲಿಗೇ ಮಾಡ್ಬೇಕು.”

ತಮಿಳುನಾಡಿನ ಟವರು ಸಿಗಬೇಕಾದರೆ ಊರ ಹಿಂದಿನ ಬಂಡೆ ಹತ್ತಬೇಕು. ರೇಷನ್ ಅಂಗಡಿಗೆ ಫೋನ್ ಮಾಡುವವರು, ತಹಸೀಲ್ದಾರ್ ಕಚೇರಿಗೆ ಮಾಡುವವರು ಎಲ್ಲ ಹತ್ತುವ ಬಂಡೆ ಅದು. ಚಂದ್ರಲೇಖಾ ಚಪ್ಪಲಿ ಬಿಟ್ಟು ಹತ್ತಿದಳು. ಅಲ್ಲಿ ಎತ್ತಿದವನು, ಗಾಡಿ ಹೆರಿಗೆ ಕೇಸಿಗೆ ಹೋಗಿದೆ, ಬರುವುದು ಹೊತ್ತಾಗುತ್ತದೆ ಎಂದ. ಅವಳು ಇಳಿದು ಬರುವಷ್ಟರಲ್ಲಿ ಮಾವ ನಾರಾಯಣಪ್ಪ ಪಕ್ಕದ ಮನೆಯ ಶಿವಣ್ಣನನ್ನು ಎಬ್ಬಿಸಿ, ಅವನ ಪಿಕಪ್ ವ್ಯಾನಿನಿಂದ ಕೋಸಿನ ಮೂಟೆಗಳನ್ನು ಕೆಳಗೆ ಎಸೆಯುತ್ತಿದ್ದ.

ಊರು ದಾಟಿದ ಮೇಲೆ ದಾರಿ ಕವಲೊಡೆಯುತ್ತದೆ. ಎಡಕ್ಕೆ ಹೋದರೆ ಗಡಿ ದಾಟಿ ಬೆಂಗಳೂರು. ಬಲಕ್ಕೆ ಹೋದರೆ ತಳಿ, ಅಲ್ಲಿಂದ ಹೊಸೂರು.

“ಎಡಕ್ಕೆ ತಿರುಗ್ಸಣ್ಣ,” ಎಂದಳು ಚಂದ್ರಲೇಖಾ, ವ್ಯಾನಿನ ಹಿಂದೆ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು. “ಬೆಂಗಳೂರಿಗೇ ಹೋಗ್ಬುಡಣ.”

“ಬಲಕ್ಕೆ,” ಎಂದ ನಾರಾಯಣಪ್ಪ. “ನಮ್ ಸರ್ಕಾರಿ ಇನ್ಶೂರೆನ್ಸ್ ಕಾರ್ಡು ಆ ಕಡೆ ನಡೆಯಲ್ಲ.”

“ಕಾರ್ಡು ಆಮೇಲೆ ನೋಡ್ಕಳಣ ಮಾವ.”

“ಆಮೇಲೆ ಏನು ನೋಡೋದು? ಮುನಿಲಕ್ಷ್ಮಿ ಮೊದಲ್ನೇ ಹೆರಿಗೇಲಿ ನೋಡಿದ್ದು ಸಾಲ್ದಾ? ಗಡಿಯಾಚೆ ಕರ್ಕೊಂಡೋದ್ರೆ, ತಮಿಳುನಾಡು ಕಾರ್ಡಾ, ಹಂಗಾದ್ರೆ ಹೊಸೂರಿಗೆ ಹೋಗಿ ಅಂತ ಅಟ್ಟಿದ್ರು. ಮಗಳು ಆಟೋದಲ್ಲಿ ಹೆತ್ಲು. ತಿರುಗ್ಸು ಶಿವಣ್ಣ, ಬಲಕ್ಕೆ.”

ವ್ಯಾನು ಬಲಕ್ಕೆ ತಿರುಗಿತು.

ದಾರಿಯ ಮೊದಲನೆಯ ಆಸ್ಪತ್ರೆಯಲ್ಲಿ ಬಿ.ಪಿ. ನೋಡಿ, ಇಲ್ಲಿ ಆಗುವುದಿಲ್ಲ ಎಂದರು. ಎರಡನೆಯದು ಹೊಸೂರಿನಲ್ಲಿ, ಹೈವೇ ಪಕ್ಕದ ಗಾಜಿನ ಕಟ್ಟಡ. ಅಲ್ಲಿ ಸ್ಕ್ಯಾನ್ ಯಂತ್ರವಿತ್ತು. ಸ್ಕ್ಯಾನ್ ತೆಗೆದು ದುಡ್ಡು ಕಟ್ಟಿಸಿಕೊಂಡರು. ತಲೆಯಲ್ಲಿ ರಕ್ತ ಹೆಪ್ಪುಗಟ್ಟಿದೆ, ಕರಗಿಸುವ ಇಂಜೆಕ್ಷನ್ ಇದೆ, ಹಾಕುವ ಹೊತ್ತೂ ಮೀರಿಲ್ಲ, ಆದರೆ ಅದನ್ನು ಹಾಕಿಸುವ ನರದ ಡಾಕ್ಟರು ಬೆಂಗಳೂರಿನಿಂದ ಮಂಗಳವಾರ ಮತ್ತು ಶುಕ್ರವಾರ ಬರುತ್ತಾರೆ ಎಂದರು. ಅವತ್ತು ಬುಧವಾರ. ಕಾರ್ಡು ನಡೆಯುವ ದೊಡ್ಡ ಆಸ್ಪತ್ರೆ ಕೃಷ್ಣಗಿರಿ ದಾರಿಯಲ್ಲಿದೆ, ಬೇಗ ಹೋಗಿ ಎಂದರು. ರಾತ್ರಿಪಾಳಿ ಮುಗಿಸಿ ಅಲ್ಲಿಗೇ ಬಂದಿದ್ದ ಮಗ ಸುರೇಂದ್ರನೂ ವ್ಯಾನು ಹತ್ತಿದ. ಬೆಂಗಳೂರಿಗೆ ಬೆನ್ನು ಮಾಡಿ ವ್ಯಾನು ಓಡಿತು. ಮೂರನೆಯ ಆಸ್ಪತ್ರೆಯ ಬೋರ್ಡಿನಲ್ಲಿ ನರದ ಡಾಕ್ಟರ ಹೆಸರಿತ್ತು. ಅವರು ಕೆಲಸ ಬಿಟ್ಟು ವರ್ಷವಾಗಿತ್ತು. ಬೆಂಗಳೂರಿಗೆ ಹೋಗಿ ಎಂದರು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರು ಫಿಲಂಗಳನ್ನು ಬೆಳಕಿಗೆ ಹಿಡಿದು ನೋಡಿದ.

“ನೇರವಾಗಿ ಇಲ್ಲಿಗೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು. ಯಾಕೆ ಇಷ್ಟು ತಡ ಮಾಡಿದಿರಿ?”

ಕನಕಮ್ಮ ಬಿದ್ದಾಗ ಹಾಲಿನ ವ್ಯಾನು ಊರಿಗೆ ಬಂದಿರಲಿಲ್ಲ. ಡಾಕ್ಟರು ಈ ಮಾತು ಹೇಳುವಾಗ ಚಂದ್ರಲೇಖಾಳ ಫ್ಯಾಕ್ಟರಿಯಲ್ಲಿ ಪಾಳಿ ಮುಗಿದು ಬಸ್ಸು ವಾಪಸು ಹೊರಟಿತ್ತು. ಅಷ್ಟು ಹೊತ್ತೂ ಶಿವಣ್ಣನ ವ್ಯಾನು ಆಸ್ಪತ್ರೆಗಳ ಮುಂದೆ ಬಿಟ್ಟು ಬೇರೆಲ್ಲೂ ನಿಂತಿರಲಿಲ್ಲ.

*

ಬಲಗೈ, ಬಲಗಾಲು, ಮಾತು ಮೂರನ್ನೂ ಬಿಟ್ಟು ಕನಕಮ್ಮ ಮನೆಗೆ ಬಂದಳು. ನಡುಮನೆಯಲ್ಲಿ, ಟಿ.ವಿ. ಇದ್ದ ಜಾಗದಲ್ಲಿ ಮಂಚ ಹಾಕಿದರು. ಮಾತ್ರೆಯ ಚೀಲದ ಜೊತೆಗೆ ‘ನೇರವಾಗಿ ಬಂದಿದ್ದರೆ’ ಎಂಬ ಮಾತೂ ಮನೆಗೆ ಬಂತು. ಮಾತ್ರೆ ಮೂರು ಹೊತ್ತು, ಆ ಮಾತಿಗೆ ಹೊತ್ತಿಲ್ಲ.

ಮೊದಲ ವಾರ ಮಗಳು ಮುನಿಲಕ್ಷ್ಮಿ ಆನೇಕಲ್ಲಿನಿಂದ ಮೋಸಂಬಿ ಹೊತ್ತುಕೊಂಡು ಬಂದಳು. ತಾಯಿಯ ಪಕ್ಕ ಕೂತು ಅತ್ತಳು. ಅತ್ತು ಮುಗಿಸಿ, ತಮ್ಮ ಸುರೇಂದ್ರ ಊಟಕ್ಕೆ ಕೂತದ್ದೇ ಶುರುಮಾಡಿದಳು.

“ನಂಗೊಂದು ಫೋನ್ ಹಾಕಿದ್ರೆ ಏನಾಗ್ತಿತ್ಲಾ? ನಮ್ಮೆಜಮಾನ್ರು ಕಾರು ತಂದು ಎತ್ತಾಕ್ಕೊಂಡು ಹೋಗ್ಬುಡೋರು.”

“ಕಾರು ಕೆಟ್ಟೋಗಿದೆ ಅಂತ ಯುಗಾದಿಗೆ ಬರ್ಲಿಲ್ಲ ನೀನು.”

“ಯುಗಾದಿಗೂ ಇದಕ್ಕೂ ಎಣೆನಾ? ಮಾತಿಗೆ ಮಾತು ಕೊಡ್ತಾನೆ. ಫ್ಯಾಕ್ಟರೀಲಿ ನಟ್ಟು ಬಿಗಿಯೋನಿಗೆ ಇಷ್ಟು ತಿಳೀಲಿಲ್ವಾ, ಬೆಂಗಳೂರು ಹತ್ರಾನೋ ಕೃಷ್ಣಗಿರಿ ಹತ್ರಾನೋ ಅಂತ?”

“ನಾನು ವ್ಯಾನಿಗೆ ಹತ್ತಿದ್ದೇ ಹೊಸೂರಲ್ಲಿ ಅಕ್ಕ. ದಾರಿ ಹೇಳ್ದೋರು ಅಲ್ಲಿ ಕೂತವ್ರೆ, ಕೇಳು.”

ಜಗಲಿಯ ಮೇಲೆ ಬೀಡಿ ಸೇದುತ್ತಿದ್ದ ನಾರಾಯಣಪ್ಪ ಒಳಗೆ ತಿರುಗಿ ನೋಡಿದ.

“ಹೌದು, ನಾನೇ ಹೇಳ್ದೆ. ನಿಂಗೆ ಆಟೋದಲ್ಲಿ ಹೆರಿಗೆ ಆದಾಗ ಇದೇ ಬಾಯಲ್ಲಿ ಏನಂದೆ? ಕಾರ್ಡು ನಡೆಯೋ ಕಡೆಗೆ ಮೊದ್ಲೇ ಕರ್ಕೊಂಡೋಗ್ಬೇಕಿತ್ತು ಅಪ್ಪ, ಅಂದೆ. ಅಂದ್ಯೋ ಇಲ್ವೋ?”

ಮುನಿಲಕ್ಷ್ಮಿ ಮೋಸಂಬಿ ಸುಲಿಯತೊಡಗಿದಳು.

“ಹೆಂಗಾದ್ರೂ ತಡ ಆಗ್ಬುಡ್ತು,” ಎಂದಳು. “ಮೊದ್ಲಿಗೆ ಫೋನು ಹಿಡ್ಕೊಂಡು ಬಂಡೆ ಹತ್ತೋದ್ರಲ್ಲೇ ಅರ್ಧ ಹೊತ್ತು ಹೋಯ್ತಂತೆ.”

ಅಡಿಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದ ಚಂದ್ರಲೇಖಾಳ ಕೋಲು ಪಾತ್ರೆಗೆ ಎರಡು ಸಲ ಜೋರಾಗಿ ಬಡಿಯಿತು. ಮಂಚದ ಮೇಲಿನ ಕನಕಮ್ಮ ಮಗಳು ಬಾಯಿಗಿಟ್ಟ ಮೋಸಂಬಿ ತೊಳೆಯನ್ನು ನಾಲಿಗೆಯಿಂದ ಹೊರಗೆ ತಳ್ಳಿದಳು.

“ನೋಡು, ನುಂಗಕ್ಕೂ ಆಗಲ್ಲ ನಮ್ಮಮ್ಮಂಗೆ,” ಎಂದು ಮುನಿಲಕ್ಷ್ಮಿ ಮತ್ತೆ ಅತ್ತಳು. ಆ ರಾತ್ರಿ ಕನಕಮ್ಮ ಚಂದ್ರಲೇಖಾ ಕೊಟ್ಟ ಗಂಜಿಯನ್ನು ಪೂರ್ತಿ ಕುಡಿದಳು.

ಮಗಳು ಹೋದ ಮೇಲೆ ಕೆಲಸ ಉಳಿಯಿತು. ಎರಡು ಹಸು, ಹಾಸಿಗೆ, ಬಟ್ಟೆ, ಒಲೆ. ಕನಕಮ್ಮನನ್ನು ಎತ್ತಿ ಕೂರಿಸಲು ಇಬ್ಬರು ಬೇಕು, ಮನೆಯಲ್ಲಿ ಹಗಲು ಇರುವುದು ಸೊಸೆ ಮತ್ತು ಮಾವ. ಹೆಂಡತಿಯ ಮಲಮೂತ್ರದ ಕೆಲಸಕ್ಕೆ ನಾರಾಯಣಪ್ಪ ಕೈ ಹಾಕಲಿಲ್ಲ. ಹಾಲು ಕರೆದ, ಸಗಣಿ ಎತ್ತಿದ, ನೀರು ಹೊತ್ತ. ಒಂದು ದಿನ ಸೊಸೆಗೆ ಜ್ವರವೆಂದು ಮುದ್ದೆಯನ್ನೂ ಮಾಡಿದ. ಅದು ಗಂಟುಗಂಟಾಗಿ ಒಳಗೆ ಹಿಟ್ಟು ಹಾಗೇ ಇತ್ತು.

“ಇದೇನಪ್ಪ, ಗೋಡೆ ಕಟ್ಟೋಕೆ ಮಾಡಿದ್ದಾ?” ಎಂದ ಸುರೇಂದ್ರ.

“ತಿನ್ನು. ನಿಮ್ಮಮ್ಮ ಮೂವತ್ತು ವರ್ಷ ಮಾಡಿ ಹಾಕಿದ್ಲು, ಒಂದಿನ ಚೆನ್ನಾಗಿದೆ ಅಂದ್ಯಾ?”

“ನೀನು ಅಂದ್ಯಾ?”

ಮಂಚದ ಕಡೆಯಿಂದ ಒಂದು ಸದ್ದು ಬಂತು. ಮೂವರೂ ತಿರುಗಿ ನೋಡಿದರು. ಕನಕಮ್ಮ ನಗುತ್ತಿದ್ದಳು, ಮುಖದ ಎಡಗಡೆಯಿಂದ.

*

ಇಂಥ ದಿನಗಳು ಕಡಿಮೆ. ಮೂರನೇ ವಾರ ಫ್ಯಾಕ್ಟರಿಯಿಂದ ಫೋನು ಬಂತು. ಚಂದ್ರಲೇಖಾ ಕಾಂಟ್ರಾಕ್ಟಿನವಳು. ಬರುವ ತಿಂಗಳಿಂದ ಬರುವುದಾದರೆ ಬಾ, ಇಲ್ಲದಿದ್ದರೆ ನಿನ್ನ ಜಾಗಕ್ಕೆ ಒಡಿಶಾದ ಹುಡುಗಿ ಬರುತ್ತಾಳೆ ಎಂದ ಸೂಪರ್‌ವೈಸರು.

“ಬಿಟ್ಬುಡು,” ಎಂದ ಸುರೇಂದ್ರ, ಪಾಳಿಗೆ ಹೊರಡಲು ಶೂ ಕಟ್ಟುತ್ತ. “ನಾನು ಪರ್ಮನೆಂಟು, ನೀನು ಕಾಂಟ್ರಾಕ್ಟು. ಇಬ್ರಲ್ಲಿ ಯಾರು ಬಿಡ್ಬೇಕು, ನೀನೇ ಹೇಳು.”

“ನಿಮ್ಮಮ್ಮನ್ನ ಕೇಳಿ. ನನ್ನ ಕೆಲ್ಸಕ್ಕೆ ಕಳ್ಸಿದ್ದು ಅವ್ರು.”

“ಅಮ್ಮ ಏನು ಹೇಳ್ತಾಳೆ ಈಗ?”

“ಆವಾಗ ಹೇಳಿದ್ರಲ್ಲ. ಮಾವ ಬೇಡ ಅಂದಾಗ, ಹೆಣ್ಣುಮಗಳ ಕೈಲಿ ಸಂಬ್ಳ ಇದ್ರೆ ಗಂಡಸ್ರ ಬಾಯಿ ಅಳತೇಲಿರ್ತದೆ ಅಂತ. ಈಗ ಅವ್ರ ಬಾಯಿ ಬಿದ್ದೋಯ್ತು, ನಿಮ್ಮೆಲ್ರ ಬಾಯಿ ಎದ್ಬುಡ್ತು.”

ಜಗಲಿಯಿಂದ ನಾರಾಯಣಪ್ಪ ಎದ್ದು ಬಂದ.

“ಯಾರ ಬಾಯಿ ಎದ್ದದ್ದು? ಅವತ್ತು ನೀನು ಟವರು ಟವರು ಅಂತ ಬಂಡೆ ಮೇಲೆ ನಿಂತಿದ್ದಕ್ಕೆ ನಾನೇನಾದ್ರೂ ಅಂದ್ನಾ? ಊರವ್ರು ಅಂದ್ರು. ಮಗಳು ಅಂದ್ಲು. ನಾನು ಬಾಯಿ ಬಿಟ್ನಾ?”

“ಈಗ ಬಿಟ್ರಲ್ಲ ಮಾವ. ನಾನು ಬಂಡೆ ಹತ್ತಿ ಇಳಿಯೋ ಹೊತ್ನಲ್ಲಿ ವ್ಯಾನೇ ರೆಡಿ ಇರ್ಲಿಲ್ಲ. ಎಡಕ್ಕೆ ಅಂದೆ. ಬಲಕ್ಕೆ ಅಂದೋರು ಯಾರು?”

ನಾರಾಯಣಪ್ಪ ಜಗಲಿಗೆ ವಾಪಸಾದ. ಅವನ ತಟ್ಟೆಗೆ ಬಡಿಸಿದ್ದ ಸಾರು ಕೆನೆಗಟ್ಟಿತು. ಆ ದಿನ ಅವನು ಊಟ ಮಾಡಲಿಲ್ಲ, ಮಾರನೆ ದಿನ ಬೆಳಿಗ್ಗೆಯೂ ಇಲ್ಲ. ಮಧ್ಯಾಹ್ನ ಚಂದ್ರಲೇಖಾ ತಟ್ಟೆಯನ್ನು ಕೊಟ್ಟಿಗೆಗೇ ತಂದು ಅವನ ಮುಂದೆ ಇಟ್ಟಳು.

“ಉಣ್ಣಿ ಮಾವ. ನೀವೂ ಬಿದ್ರೆ ಇಬ್ರನ್ನ ಎತ್ತಕ್ಕೆ ನನ್ ಕೈಲಾಗಲ್ಲ.”

“ಬಲಕ್ಕೆ ಅಂದಿದ್ದು ನಾನೇ ಕಣಮ್ಮಿ,” ಎಂದ ನಾರಾಯಣಪ್ಪ. ಮುದ್ದೆ ಮುರಿದ. “ಅವಳೂ ಅದಕ್ಕೇ ಹಂಗ್ ನೋಡ್ತಾಳೆ ನನ್ನ.”

“ಅವ್ರು ಎಲ್ರನ್ನೂ ಹಂಗೇ ನೋಡೋದು. ಚೆನ್ನಾಗಿದ್ದಾಗ್ಲೂ ಹಂಗೇ ನೋಡ್ತಿದ್ರು.”

ಶಿವಣ್ಣನ ತಾಯಿ ಬಂದು ಪಾರಿವಾಳದ ರಕ್ತ ಹಚ್ಚಿ ಎಂದಳು. ಇನ್ನೊಬ್ಬರು ಗಡಿಯಾಚೆಯ ಎಣ್ಣೆ ವೈದ್ಯನ ಹೆಸರು ಹೇಳಿದರು. ಚಂದ್ರಲೇಖಾ ಅತ್ತೆಯನ್ನು ಶಿವಣ್ಣನ ವ್ಯಾನಿನಲ್ಲಿ ಮಲಗಿಸಿ ಹೊಸೂರಿಗೆ, ಕೈಕಾಲಿನ ವ್ಯಾಯಾಮ ಮಾಡಿಸುವವರ ಹತ್ತಿರ ಕರೆದೊಯ್ದಳು. ಅಲ್ಲಿದ್ದ ಹೆಣ್ಣುಮಗಳು ಕನಕಮ್ಮನ ಬಲಗೈಯನ್ನು ತುಂಬ ಹೊತ್ತು ತೀಡಿದಳು, ಬೆರಳು ಬೆರಳು ಬಿಡಿಸಿದಳು. ಕೊನೆಗೆ ಹೆಬ್ಬೆರಳು ತಾನಾಗಿ ಒಂದು ಎಳೆ ಅಲುಗಿತು.

“ನೋಡಿದ್ರಾ ಅಕ್ಕ? ಕೈ ಇನ್ನೂ ಬರುತ್ತೆ. ಕೂತ್ಕೊಳ್ಳೋದು, ಕೋಲು ಹಿಡಿದು ಬಚ್ಚಲಿಗೆ ಹೋಗೋದು ಆಗುತ್ತೆ. ಆದ್ರೆ ಈಗ್ಲೇ ಮಾಡಿಸ್ಬೇಕು, ವಾರಕ್ಕೆ ಎರಡು ಸಲನಾದ್ರೂ. ಈ ತಿಂಗಳುಗಳು ಹೋದ್ರೆ ಆಮೇಲೆ ಕಷ್ಟ.”

“ನಮ್ಮೂರ ಕಡೆ ಯಾರಾದ್ರೂ ಇದಾರಾ, ಮನೆಗೆ ಬರೋರು?”

“ತಳಿಯಿಂದ ಆಚೆಗೆ ಯಾರೂ ಇಲ್ಲ ಅಕ್ಕ.”

ವ್ಯಾನಿನ ಬಾಡಿಗೆಗೆ ಒಂದು ಹಸು ಮಾರಿದರು. ನಾಲ್ಕು ಸಲ ಹೋಗಿ ಬಂದರು. ಐದನೇ ಸಲ ಶಿವಣ್ಣ, ಕೋಸಿನ ಸೀಸನ್ನು, ವ್ಯಾನು ಸಿಗುವುದಿಲ್ಲ ಎಂದ. ಮೊದಲ ದಿನದ ಡೀಸೆಲ್ಲಿಗೂ ಅವನು ದುಡ್ಡು ಕೇಳಿರಲಿಲ್ಲ. ಯಾರೂ ಅವನನ್ನು ಏನೂ ಅನ್ನಲಿಲ್ಲ. ಕನಕಮ್ಮನ ಹೆಬ್ಬೆರಳನ್ನು ಚಂದ್ರಲೇಖಾ ತನಗೆ ತಿಳಿದಂತೆ ತೀಡತೊಡಗಿದಳು. ಅದು ಅಲುಗಲಿಲ್ಲ.

*

ಮುರುಗೇಶನನ್ನು ಕರೆತಂದವನೂ ಶಿವಣ್ಣನೇ. ಬೈಕಿನಿಂದ ಇಳಿದ ಮುರುಗೇಶ್ ಇಸ್ತ್ರಿ ಶರ್ಟಿನವನು, ಹೊಸೂರಿನ ಗಾಜಿನ ಆಸ್ಪತ್ರೆಯವನು. ಆ ಬುಧವಾರ ಮುಂದಕ್ಕೆ ಕಳಿಸಿದ ಅದೇ ಆಸ್ಪತ್ರೆ. ಹಳ್ಳಿಗಳಲ್ಲಿ ಶಿಬಿರ ಮಾಡಿಸುವುದು ಅವನ ಕೆಲಸ.

“ವಣಕ್ಕಂ ಅಯ್ಯಾ. ನಂಗೆ ಕನ್ನಡ ಬರುತ್ತೆ, ಬಾಗಲೂರಲ್ಲೇ ಓದಿದ್ದು,” ಎಂದು ಚಾಪೆಯ ಮೇಲೆ ಕೂತ. ಕನಕಮ್ಮನಿಗೂ ಕೈ ಮುಗಿದ. “ನಿಮ್ಮೂರ ಸ್ಕೂಲಲ್ಲಿ ಭಾನುವಾರ ಸ್ಟ್ರೋಕ್ ಬಗ್ಗೆ ಕ್ಯಾಂಪ್ ಇದೆ. ಶಿವಣ್ಣನವ್ರು ನಿಮ್ಮ ವಿಷಯ ಹೇಳಿದ್ರು. ಅಮ್ಮನಿಗೆ ಆರು ತಿಂಗಳು, ವಾರಕ್ಕೆರಡು ಸಲ, ಕೈಕಾಲು ವ್ಯಾಯಾಮ ಮಾಡಿಸೋ ನಮ್ಮ ಫಿಸಿಯೋ ಹುಡುಗಿ ಮನೆಗೇ ಬರ್ತಾಳೆ. ಒಂದು ಪೈಸೆ ಬೇಡ.”

ನಾರಾಯಣಪ್ಪ ಬೀಡಿ ಆರಿಸಿದ. “ನಿಜವಾ?”

“ಸತ್ಯ ಸಾರ್. ಕ್ಯಾಂಪಲ್ಲಿ ಮನೆಯವ್ರು ಒಬ್ರು ಎರಡು ಮಾತಾಡ್ಬೇಕು, ಅಷ್ಟೇ. ಮೇಡಂಗೆ ತಮಿಳು, ಕನ್ನಡ ಎರಡೂ ಬರುತ್ತಲ್ಲ, ಅವ್ರೇ ಮಾತಾಡ್ಲಿ.”

“ಏನು ಮಾತಾಡೋದು?” ಎಂದಳು ಚಂದ್ರಲೇಖಾ.

“ನಡೆದದ್ದೇ. ನಮಗೆ ಗೊತ್ತಾಗ್ಲಿಲ್ಲ, ತಡ ಮಾಡಿದ್ವಿ. ಮನೇಲಿ ಹಿರಿಯರು ಕಾರ್ಡು ಗೀರ್ಡು ಅಂತ ಅಲ್ಲಿ ಇಲ್ಲಿ ಸುತ್ತಿಸಿದ್ರು. ನಮ್ಮ ತಪ್ಪು ನೀವು ಮಾಡ್ಬೇಡಿ. ಇಷ್ಟೇ. ಡಾಕ್ಟರು ಹೇಳೋದಕ್ಕಿಂತ ಇದು ಜನಕ್ಕೆ ನಾಟುತ್ತೆ ಮೇಡಂ.”

“ನಿಮ್ಮಾಸ್ಪತ್ರೆಗೂ ಬಂದಿದ್ವಿ ಅವತ್ತು.”

“ಅದು ಬೇಡ ಬಿಡಿ.”

“ಬುಧವಾರ ಬಂದಿದ್ವಿ.”

“ಈಗ ಡಾಕ್ಟರು ಶನಿವಾರಾನೂ ಬರ್ತಾರೆ ಮೇಡಂ.”

“ಹಂಗಾದ್ರೆ ಜನಕ್ಕೆ ಅದನ್ನ ಹೇಳ್ಬೇಕಲ್ಲ. ಮಂಗಳವಾರ, ಶುಕ್ರವಾರ, ಶನಿವಾರ ಬೀಳಿ, ಮಿಕ್ಕಿದ ದಿನ ಬೀಳ್ಬೇಡಿ ಅಂತ.”

ಶಿವಣ್ಣ ನಕ್ಕುಬಿಟ್ಟ. ಮುರುಗೇಶನೂ ನಕ್ಕ, ಕೆಟ್ಟವನಲ್ಲ ಅವನು. “ನಂಗೂ ಮೇಲಿನವ್ರು ಇದಾರೆ ಮೇಡಂ,” ಎಂದ. “ಹೇಳಿದ್ದು ಮಾಡಿದ್ರೆ ಫಿಸಿಯೋ ಹುಡುಗಿಯನ್ನ ಕಳ್ಸೋದು ನನ್ನ ಜವಾಬ್ದಾರಿ. ಇಲ್ದಿದ್ರೆ ನಾನು ಏನಂತ ಕೇಳ್ಲಿ?”

ಅವನು ಹೋದ ಮೇಲೆ ಮನೆಯಲ್ಲಿ ಎರಡು ದಿನ ಇದೇ ಮಾತು.

“ಎರಡು ಮಾತು ಹೇಳಕ್ಕೇನು ನಿಂಗೆ?” ಎಂದ ಸುರೇಂದ್ರ. “ಅಮ್ಮ ಎದ್ದು ಕೂತ್ರೆ ನೀನು ಮತ್ತೆ ಎಲ್ಲಾದ್ರೂ ಕೆಲ್ಸಕ್ಕೆ ಹೋಗ್ಬಹುದು. ನೀನೇ ತಾನೆ ಕೆಲ್ಸ ಕೆಲ್ಸ ಅಂತಿದ್ದೋಳು?”

“ಮನೇಲಿ ಒಬ್ರನ್ನೊಬ್ರು ಅಂದ್ಕೊಂಡಿದ್ದೇ ಸಾಲ್ದಾ? ಮೈಕಲ್ಲಿ ಬೇರೆ ಅನ್ಬೇಕಾ?”

“ಅಂದ್ಕೊಂಡಿದ್ದು ಸುಳ್ಳಾ?”

“ನೀವೇ ಲೆಕ್ಕ ಹಾಕ್ರಿ. ನಾನು ಬಂಡೆ ಹತ್ತಿದ್ದು, ಮಾವ ಬಲಕ್ಕೆ ಅಂದಿದ್ದು ಎಲ್ಲಾ ಕೂಡ್ಸಿದ್ರೂ, ಹೊಸೂರಿಗೆ ಹೋದಾಗ ಇನ್ನೂ ಹೊತ್ತಿತ್ತು. ಯಂತ್ರ ಇತ್ತು, ಇಂಜೆಕ್ಷನ್ ಇತ್ತು. ಬುಧವಾರ ಆಗಿತ್ತು, ಅಷ್ಟೇ.”

ಸುರೇಂದ್ರ ಟಿಫಿನ್ ಡಬ್ಬಿ ಎತ್ತಿಕೊಂಡು ಹೊರಟ.

ಭಾನುವಾರ ಬೆಳಿಗ್ಗೆ ನಾರಾಯಣಪ್ಪ ಬಾವಿಕಟ್ಟೆಯ ಮೇಲೆ ಕನ್ನಡಿ ಇಟ್ಟುಕೊಂಡು ಗಡ್ಡ ಕೆರೆದುಕೊಂಡ. ಬಿಳಿ ಪಂಚೆ ಉಟ್ಟ. ಅತ್ತೆಯ ತಲೆ ಬಾಚುತ್ತಿದ್ದ ಸೊಸೆಯ ಹತ್ತಿರ ಬಂದು ನಿಂತ.

“ಅವನು ಹೇಳ್ಕೊಟ್ಟಂಗೆ ಹೇಳ್ಬುಡಮ್ಮಿ. ಸಂಕೋಚ ಮಾಡ್ಬೇಡ. ಹಿರಿಯರು ಅನ್ನೋದು ಬೇಡ, ನಮ್ಮ ಮಾವ ಅಂತಾನೇ ಹೇಳು. ನಮ್ಮ ಮಾವ ಓದ್ದೋನಲ್ಲ, ಅವ್ನಿಂದ ಹಿಂಗಾಯ್ತು ಅನ್ನು.”

“ಊರೆಲ್ಲ ಕೂತಿರ್ತದೆ ಮಾವ.”

“ಕೂತಿರ್ಲಿ. ಊರಿಗೆ ಗೊತ್ತಿಲ್ದಿರೋದೇನು? ಅವಳ ಕೈ ಬರ್ಬೇಕು. ನನ್ ಮಾನ ತಗೊಂಡು ನಾನೇನು ಮಾಡ್ಲಿ?”

ಚಂದ್ರಲೇಖಾ ಜಡೆ ಹೆಣೆದು ಮುಗಿಸಿದಳು. ಕನಕಮ್ಮ ಗಂಡನನ್ನೇ ನೋಡುತ್ತಿದ್ದಳು. ನಾರಾಯಣಪ್ಪ ಬೇರೆ ಕಡೆ ನೋಡಿದ.

*

ಸ್ಕೂಲಿನ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಬ್ಯಾನರಿನ ಮೇಲೆ ಮಿದುಳಿನ ಚಿತ್ರ. ಅದರ ಕೆಳಗೆ ತಮಿಳಿನಲ್ಲಿ, ಒಂದೊಂದು ನಿಮಿಷವೂ ಮುಖ್ಯ ಎಂದು ಬರೆದಿತ್ತು. ಬಂದವರಿಗೆ ಟೀ, ಬನ್ನು. ಬಿ.ಪಿ. ನೋಡಿಸಿಕೊಳ್ಳಲು ಸಾಲು. ಕನಕಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಬೀಳದಂತೆ ಟವಲಿನಲ್ಲಿ ಸೊಂಟ ಕಟ್ಟಿ, ಮೈಕಿನ ಪಕ್ಕಕ್ಕೆ ತಂದಿಟ್ಟರು. ಮುನಿಲಕ್ಷ್ಮಿಯೂ ಬಂದಿದ್ದಳು, ಗಂಡನ ಕಾರಿನಲ್ಲಿ.

ಮುರುಗೇಶ್ ಮೊದಲು ಮಾತಾಡಿದ. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಹೇಳಿದ. “ಕೈ ಎತ್ತೋಕೆ ಹೇಳಿ. ಎತ್ತಿದ ಕೈ ಬಿದ್ರೆ ಗೊತ್ತು ಮಾಡ್ಕೊಳ್ಳಿ. ಹೀಗೆ,” ಎಂದು ಕನಕಮ್ಮನ ಬಲಗೈಯನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಬಿಟ್ಟ. ಕೈ ದಪ್ಪನೆ ತೊಡೆಯ ಮೇಲೆ ಬಿತ್ತು. ಹಿಂದೆ ಕೂತವರಿಗೆ ಕಾಣಲಿಲ್ಲವೆಂದು ಇನ್ನೊಮ್ಮೆ ಎತ್ತಿ ಬಿಟ್ಟ.

ಕನಕಮ್ಮ ಎಡಗೈಯಿಂದ ಸೆರಗು ಎಳೆದು ಆ ಕೈಯನ್ನು ಮುಚ್ಚಿಕೊಂಡಳು.

“ಈಗ ಈ ಮನೆಯ ಸೊಸೆ ತಮ್ಮ ಅನುಭವ ಹೇಳ್ತಾರೆ. ಬನ್ನಿ ಮೇಡಂ.”

ಚಂದ್ರಲೇಖಾ ಮೈಕು ತೆಗೆದುಕೊಂಡಳು. ಮೊದಲು ಅದು ಕಿರುಚಿತು. ಯಾರೋ ನಕ್ಕರು.

“ನಮ್ಮತ್ತೆಗೆ ಲಕ್ವ ಹೊಡೆದಾಗ ಹಾಲು ಕರೀತಿದ್ರು,” ಎಂದಳು. “ಹೊತ್ತು ಹುಟ್ಟೋಕೆ ಮುಂಚೇನೇ ವ್ಯಾನಿಗೆ ಹಾಕ್ಕೊಂಡು ಹೊರಟ್ವಿ. ಶಿವಣ್ಣ ಕೋಸು ಬಿಸಾಕಿ ವ್ಯಾನು ತಂದ.” ನಿಲ್ಲಿಸಿದಳು.

“ತಡ ಆಯ್ತು ಅಂತ ಹೇಳಿ,” ಎಂದ ಮುರುಗೇಶ್ ಮೆಲ್ಲಗೆ, ಪಕ್ಕದಲ್ಲಿ ನಿಂತು. “ನಮಗೆ ತಿಳೀಲಿಲ್ಲ, ತಡ ಮಾಡಿದ್ವಿ.”

ಚಂದ್ರಲೇಖಾ ಸೆರಗಿನಡಿಯ ಅತ್ತೆಯ ಕೈ ನೋಡಿದಳು.

“ಹೇಳತ್ಲಾಗೆ,” ಎಂದ ಸುರೇಂದ್ರ.

ಮುಂದಿನ ಸಾಲಿನಿಂದ ನಾರಾಯಣಪ್ಪ ಎದ್ದು ನಿಂತ. ಇಡೀ ಊರು ಅವನ ಕಡೆ ತಿರುಗಿತು.

“ಹೇಳಮ್ಮಿ. ನಮ್ಮ ಮಾವನ ತಪ್ಪು ಅಂತ ಹೇಳು. ನಾನೇ ಒಪ್ಕೊಂಡಿದ್ದೀನಿ.”

“ಇಲ್ಲ ಮಾವ.”

“ಅವಳ ಕೈ ಕಣಮ್ಮಿ. ಆರು ತಿಂಗಳು ಬತ್ತಾರೆ.”

“ಗೊತ್ತು ಮಾವ.” ಮೈಕು ಬಾಯಿಯ ಹತ್ತಿರವೇ ಇತ್ತು, ಅವಳ ಉಸಿರು ಸ್ಪೀಕರಿನಲ್ಲಿ ಕೇಳುತ್ತಿತ್ತು. “ನಿಮ್ಮ ತಪ್ಪು ಅಂತ ಮನೇಲಿ ಅಂದಿದ್ದೆ. ಇಲ್ಲಿ ಅನ್ನಲ್ಲ. ಎಲ್ಲೂ ಇನ್ನು ಅನ್ನಲ್ಲ. ನಾವು ತಡ ಮಾಡ್ಲಿಲ್ಲ. ಇವರ ಬಾಗಿಲಿಗೆ ಹೋದ್ವಿ, ಹೊತ್ತಿರೋವಾಗ್ಲೇ ಹೋದ್ವಿ, ಡಾಕ್ಟರು ಇರ್ಲಿಲ್ಲ.”

“ಮೇಡಂ, ಮೈಕ್ ಕೊಡಿ,” ಎಂದು ಮುರುಗೇಶ್ ಕೈ ಚಾಚಿದ.

“ಕೊಡಲ್ಲ,” ಎಂದಳು ಚಂದ್ರಲೇಖಾ.